ಕೊನೆ ಹಂತದ ಕ್ಯಾನ್ಸರ್: ಮಳೆಗಾಲದಲ್ಲಿ ಮನೆಯಲ್ಲೇ ಆರೈಕೆ ಹೇಗೆ?

ತೋಟದಮನೆ:
ಸೋಮವಾರಪೇಟೆ ಕಡೆಯ ಹಳ್ಳಿ. ಅತ್ತೆಗೆ 72 ವರ್ಷ, ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ. ಇನ್ನು ಕೀಮೋ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ನೋವಿಗೆ ಮಾರ್ಫಿನ್ ಮಾತ್ರೆ ಬರೆದಿದ್ದಾರೆ. ಚಟ ಹತ್ತುತ್ತದೆ, ಬೇಗ ಹೋಗಿಬಿಡುತ್ತಾರೆ ಎಂದು ಮನೆಯವರಿಗೆ ಹೆದರಿಕೆ. ಊಟ ಸೇರುತ್ತಿಲ್ಲ. ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ. ಏನೇನು ಸಿದ್ಧ ಮಾಡಿಕೊಳ್ಳಬೇಕು?

ದಾದಿ_ವಿರಾಜಪೇಟೆ:
ಅಕ್ಕ, ಮಾರ್ಫಿನ್ ಭಯ ಬಿಡಿ. ವೈದ್ಯರು ಹೇಳಿದಷ್ಟೇ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ, ಚಟವಾಗುವುದು ತೀರಾ ಅಪರೂಪ. ನೋವು ಬಂದಾಗ ಮಾತ್ರ ಕೊಡೋಣ ಅನ್ನುವುದೇ ಎಲ್ಲರೂ ಎಡವುವ ಜಾಗ. ಮಾರ್ಫಿನ್‌ನ ಸಾಮಾನ್ಯ ಮಾತ್ರೆ (ನಿಧಾನವಾಗಿ ಬಿಡುಗಡೆಯಾಗುವ ಬಗೆಯಲ್ಲ) ಕೆಲಸ ಮಾಡುವುದು ಸುಮಾರು 4 ಗಂಟೆ. ನೋವು ಏರಿದ ಮೇಲೆ ಇಳಿಸುವುದು ಕಷ್ಟ, ಹಾಗಾಗಿ ಗಡಿಯಾರ ನೋಡಿಯೇ ಕೊಡಿ. ನಡುವೆ ನೋವು ಎದ್ದರೆ ಎಷ್ಟು ಹೆಚ್ಚುವರಿ, ರಾತ್ರಿ ಎಬ್ಬಿಸದಿರಲು ಮಲಗುವಾಗ ಎಷ್ಟು ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ಮಲಬದ್ಧತೆ ಬಂದೇ ಬರುತ್ತದೆ, ದಿನ ಕಳೆದರೂ ಹೋಗುವುದಿಲ್ಲ. ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆ ಕೇಳಿ. ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ತಗ್ಗುತ್ತವೆ. ಕೈಕಾಲು ಅದುರಿ, ಮಾತು ಗೊಂದಲವಾದರೆ ಕಿಡ್ನಿ ಸೋತು ಔಷಧ ದೇಹದಲ್ಲೇ ಉಳಿಯುತ್ತಿರಬಹುದು. ತಕ್ಷಣ ವೈದ್ಯರಿಗೆ ತಿಳಿಸಿ. ಒಂದೇ ಮೂಳೆಯಲ್ಲಿ ನೋವು ಜೋರಿದ್ದರೆ ಒಂದೇ ಸಲದ ರೇಡಿಯೇಷನ್‌ನಿಂದಲೂ ಆರಾಮ ಸಿಗಬಹುದು, ಕೇಳಿ ನೋಡಿ. ಕಾಲು ಸೋಲು ಬಂದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿದೆ ಎಂದರ್ಥವಾಗಬಹುದು, ಅಂದೇ ಆಸ್ಪತ್ರೆಗೆ.

ಕುಶಾಲನಗರದವ:
ಮಾರ್ಫಿನ್ ಎಲ್ಲ ಮೆಡಿಕಲ್ ಸ್ಟೋರ್‌ನಲ್ಲಿ ಸಿಗದು. ಮರ ಬಿದ್ದು ರಸ್ತೆ ಮುಚ್ಚುವ ಮೊದಲೇ ತಂದಿಡಿ, ಬೀಗ ಹಾಕಿಡಿ. ಗಾಳಿ ಹಾಸಿಗೆ ಪಂಪ್ ನಿಂತರೆ ಹಾಸಿಗೆ ಕುಸಿಯುತ್ತದೆ, ಇನ್ವರ್ಟರ್ ಇದ್ದರೂ ದಪ್ಪ ಫೋಮ್ ಹಾಸಿಗೆ ಕೆಳಗಿರಲಿ. ಹಾಸಿಗೆ ಹುಣ್ಣು ಆಗದಂತೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೂಳೆ ದುರ್ಬಲ, ಕೈ ಹಿಡಿದು ಎಳೆಯದೆ ಬೆಡ್‌ಶೀಟಿನಿಂದ ಇಬ್ಬರು ಹೊರಳಿಸಿ. ಉಸಿರು ಕಟ್ಟಿದಂತಾದರೆ ಬ್ಯಾಟರಿ ಫ್ಯಾನ್ ಗಾಳಿಯನ್ನು ಮುಖಕ್ಕೆ ಬಿಡಿ, ಎಷ್ಟೋ ಹಗುರವಾಗುತ್ತದೆ.

ದಾದಿ_ವಿರಾಜಪೇಟೆ:
ಊಟದ ಬಗ್ಗೆ ಬಿಟ್ಟುಹೋಯಿತು. ಗಂಜಿಯನ್ನು ಒತ್ತಾಯದಿಂದ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಕೊನೆಯ ದಿನಗಳಲ್ಲಿ ಹಸಿವು ದೇಹಕ್ಕೇ ಇರುವುದಿಲ್ಲ. ಒದ್ದೆ ಹತ್ತಿಯಿಂದ ಬಾಯಿ, ತುಟಿ ಒರೆಸುತ್ತಿರಿ. ಗಂಟಲಲ್ಲಿ ಗೊರಗೊರ ಶಬ್ದ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ. ನುಂಗಲಾಗದ ದಿನ ಬಂದಾಗ ಚರ್ಮದಡಿಯ ಸೂಜಿಯಿಂದ ಮಾರ್ಫಿನ್ ಕೊಡಲು ಯಾರು ಬರುತ್ತಾರೆಂದು ಈಗಲೇ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಆಗದೇ ಹೋದರೆ ಬೆಂಗಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ. ಮನೆಯಲ್ಲೇ ತೀರಿಕೊಂಡರೆ ನೋಡಿಕೊಳ್ಳುತ್ತಿದ್ದ ವೈದ್ಯರಿಂದ ಮರಣ ಕಾರಣದ ಪತ್ರ ಬೇಕು, 21 ದಿನದೊಳಗೆ ನೋಂದಣಿ ಮಾಡಿಸಿ.