'ವರ್ಕಿಂಗ್ ಫಾರೆಸ್ಟ್' – ಕನ್ನಡದಲ್ಲಿ ಏನೆನ್ನೋಣ? (ತುರ್ತು; ಬರೆದವರ ಹೆಸರಿನ ಬದಲು ಅವರವರ ಊರಿನ ಹೆಸರಿದೆ)

ಬದಿಯಡ್ಕ: ಕೇರಳದ ನಿಲಂಬೂರಿನ ತೇಗದ ತೋಪು ನೋಡಲು ಹೋಗುವ ಮಕ್ಕಳಿಗೆ ಕನ್ನಡ ಕರಪತ್ರವೊಂದು ನಾಳೆ ಅಚ್ಚಿಗೆ ಹೋಗಬೇಕು. ಕರಡಿನಲ್ಲಿ 'ಐತಿಹಾಸಿಕ ಕಾರ್ಯನಿರತ ಅರಣ್ಯ' ಎಂದಿದೆ. ಜನ ತಿರುಗಾಡುವ, ಈಗಲೂ ಮರ ಕಡಿದು ಮತ್ತೆ ನೆಡುವ ಕಾಡು ಎಂಬ ಅರ್ಥ ಬರಬೇಕು. 'ತಿನ್ನಿಂಗ್'ಗೂ, ಎಂದರೆ ಒತ್ತಾಗಿ ನೆಟ್ಟ ಮರಗಳಲ್ಲಿ ಕೆಲವನ್ನು ತೆಗೆದು ಉಳಿದವಕ್ಕೆ ಜಾಗ ಮಾಡುವುದಕ್ಕೂ, ಪದ ಬೇಕು.

ಮಂಜೇಶ್ವರ: 'ದುಡಿಕಾಡು'. ಅಚ್ಚಗನ್ನಡ, ಎರಡೇ ಪದ. 'ಕಾರ್ಯನಿರತ' ಬೇಡವೇ ಬೇಡ.

ಕುಂಬಳೆ: ಆದೇಶಸಂಧಿ ಬಿಟ್ಟದ್ದೇಕೆ? ಮಾಡಿದರೆ 'ದುಡಿಗಾಡು', ಕಿವಿಗೆ ಸುಡುಗಾಡೇ. ಮಕ್ಕಳ ಕೈಗೆ ಅದನ್ನು ಕೊಡಬೇಡಿ. ಕಾಡಿನ ಕೆಲಸದವರು 'ಕೂಪು' ಎನ್ನುತ್ತಾರೆ, ಮಲಯಾಳದಲ್ಲೂ ಅದೇ. ಸಂಸ್ಕೃತದ ಕೂಪದಿಂದ ಬಂದ ಪದ.

ತಾಳವಾಡಿ: ಅಲ್ಲ. ಕೂಪವೆಂದರೆ ಬಾವಿ. ಕೂಪು ಫ್ರೆಂಚಿನಲ್ಲಿ 'ಕಡಿ' ಎಂಬ ಅರ್ಥದ ಧಾತುವಿನದು, ಇಂಗ್ಲಿಷ್ ಕಾಲದ ಅರಣ್ಯ ಇಲಾಖೆಯಿಂದ ಬಂತು. ಅದೂ ಇಡೀ ಕಾಡಿಗಲ್ಲ, ಆ ವರ್ಷ ಕಡಿಯಲು ಗುರುತು ಹಾಕಿದ ತುಂಡಿಗೆ ಮಾತ್ರ. ಕರಪತ್ರದ ಎಚ್ಚರಿಕೆಯ ಸಾಲಿಗೆ ಇದೇ ಸರಿ: 'ಕೂಪಿನೊಳಗೆ ಹೋಗಬೇಡಿ'.

ಬದಿಯಡ್ಕದ ಮಾಸ್ಟ್ರೇ, ಪದಕ್ಕಿಂತ ಮೊದಲು ಜಾಗ ನೋಡಿ. ಕನೋಲಿ ಪ್ಲಾಟ್ ಎಂಬ 2.31 ಹೆಕ್ಟೇರು 1840ರ ದಶಕದ ತೇಗ, ಮಲಬಾರ್ ಕಲೆಕ್ಟರ್ ಕನೋಲಿ ನೆಡಿಸಿದ್ದು, ಅವರ ಕೈಕೆಳಗಿನ ಅರಣ್ಯಾಧಿಕಾರಿ ಚಾತು ಮೆನೋನ್ ನೆಟ್ಟು ಬೆಳೆಸಿದ್ದು. ಅಲ್ಲಿ ಮರ ಕಡಿಯುವುದಿಲ್ಲ, ಕಾಯ್ದಿಟ್ಟಿದ್ದಾರೆ. ಕಡಿಯುವುದು ಆಚೆಯ ತೋಪುಗಳಲ್ಲಿ. ಎರಡಕ್ಕೂ ಒಂದೇ ಹೆಸರಿಟ್ಟರೆ ತಪ್ಪು.

ತಿನ್ನಿಂಗಿಗೆ 'ವಿರಳೀಕರಣ' ಬೇಡ, 'ಎಡೆ ಬಿಡಿಸುವುದು' ಸಾಕು. 2 ಮೀಟರಿಗೊಂದರಂತೆ ಹೆಕ್ಟೇರಿಗೆ 2,500 ತೇಗ ನೆಟ್ಟರೆ, 4ನೇ ವರ್ಷ ಒಂದು ಓರೆಸಾಲು ಬಿಟ್ಟು ಮುಂದಿನದನ್ನು ಕಡಿಯುತ್ತ ಅರ್ಧದಷ್ಟು ತೆಗೆಯುತ್ತಾರೆ, 8ನೇ ವರ್ಷ ಮತ್ತೊಮ್ಮೆ. ಆಮೇಲಿನದು ಮರ ನೋಡಿ. ತಡಮಾಡಿದರೆ ತಲೆಗೆ ತಲೆ ತಾಗಿ ಮರ ಎತ್ತರವಾದೀತು, ಸುತ್ತಳತೆ ಬಾರದು. ಕೊನೆಯ ಕಡಿತ 50–60 ವರ್ಷಕ್ಕೆ.

ಮಂಜೇಶ್ವರ: ಫ್ರೆಂಚ್ ಪದಕ್ಕೆ ಕನ್ನಡದ ಬಾಗಿಲು ತೆರೆಯುತ್ತೀರಿ, ಕನ್ನಡದ್ದನ್ನು ತಳ್ಳುತ್ತೀರಿ!

ತಾಳವಾಡಿ: ಇಂಗ್ಲಿಷಿನ 'ಟೀಕ್' ಮಲಯಾಳದ ತೇಕಿನಿಂದ ಪೋರ್ಚುಗೀಸರ ಮೂಲಕ ಹೋದದ್ದು. ಅದರಿಂದ ಇಂಗ್ಲಿಷ್ ಬಡವಾಗಲಿಲ್ಲ. ಕೆಲಸಗಾರನ ಬಾಯಲ್ಲಿರುವ ಪದವನ್ನು ಕಿತ್ತು ಹೊಸದನ್ನು ನೆಡುವುದನ್ನು ನಾನು ಒಪ್ಪುವುದಿಲ್ಲ.

ಕುಂಬಳೆ: ಕೂಪು ಪದದ ಮೂಲದ ಮಾತು ಇನ್ನೊಮ್ಮೆ ನೋಡೋಣ. ಮಕ್ಕಳಿಗೆ ಇದನ್ನೂ ಸೇರಿಸಿ: ಮರ ಬೀಳಿಸುವಲ್ಲಿಂದ ಮರದ ಎರಡು ಉದ್ದದಷ್ಟು ದೂರ ನಿಲ್ಲಬೇಕು, 25 ಮೀಟರಿನದಾದರೆ 50. ದಿಮ್ಮಿ ರಾಶಿಯ ಮೇಲೆ ಹತ್ತಬಾರದು, ಒಂದು ಜಾರಿದರೆ ಎಲ್ಲ ಉರುಳುತ್ತವೆ. ಕಡಿದು ಪಕ್ಕದ ಮರಕ್ಕೆ ಸಿಕ್ಕಿಕೊಂಡು ನಿಂತದ್ದರ ಅಡಿಯಲ್ಲಿ ಹಾಯಲೇಬಾರದು. ಬೇಸಗೆಯಲ್ಲಿ ಉದುರಿದ ತೇಗದೆಲೆ ಕಿಡಿ ಸಾಕೆಂದು ಕಾದಿರುತ್ತದೆ, ಬೆಂಕಿ ಹಚ್ಚುವುದು ಬೇಡ.

ಬದಿಯಡ್ಕ: ಹೀಗೆ ಹಾಕುತ್ತೇನೆ: 'ಇದು ಮರ ಬೆಳೆಸಿ ಕಡಿಯುವ ಹಳೆಯ ತೇಗದ ಕಾಡು. ದಾರಿಯಲ್ಲೇ ನಡೆಯಿರಿ, ಕೂಪಿನೊಳಗೆ ಹೋಗಬೇಡಿ.' ಕನೋಲಿ ಪ್ಲಾಟಿಗೆ 'ಕಾಯ್ದಿಟ್ಟ ತೋಪು'. 'ಕಾಡು' ಬದಲು 'ನೆಡುತೋಪು' (ನೆಟ್ಟು ಬೆಳೆಸಿದ ತೋಪು) ಎನ್ನಬೇಕೆನ್ನುವವರು ರಾತ್ರಿ ಒಂಬತ್ತರೊಳಗೆ ಹೇಳಿ.