ಸಹಾಯ ಬೇಕು: ಗಂಗಾವತಿ ಟವರ್‌ನಲ್ಲಿ ಬಿಸಿಲೇರಿದರೆ ಜಿಪಿಎಸ್ ಸಿಂಕ್ ತಪ್ಪುತ್ತಿದೆ

ಗ್ರಾಹಕರಿಗೆ ವೈರ್‌ಲೆಸ್ ಇಂಟರ್ನೆಟ್ ಕೊಡುವ 30 ಮೀಟರ್ ಟವರ್, 5.8 ಗಿಗಾಹರ್ಟ್ಸ್, 4 ಸೆಕ್ಟರ್ (ದಿಕ್ಕಿಗೊಂದು ರೇಡಿಯೋ), ಎದುರುಬದುರಿನವಕ್ಕೆ ಒಂದೇ ಚಾನೆಲ್. ಎಲ್ಲವೂ ಒಟ್ಟಿಗೇ ಕಳಿಸಿ ಒಟ್ಟಿಗೇ ಕೇಳಲೆಂದು ಜಿಪಿಎಸ್ ಸಮಯಕ್ಕೆ ಹೊಂದಿಕೊಳ್ಳುತ್ತವೆ, ಅದೇ ಸಿಂಕ್. ಫ್ರೇಮ್ (ಒಂದು ಕಳಿಸು-ಕೇಳು ಸುತ್ತು) 5 ಮಿಲಿಸೆಕೆಂಡ್, ಕಳಿಸು-ಕೇಳು ಅನುಪಾತ 75:25, ನಾಲ್ಕರಲ್ಲೂ ಅದೇ ಸೆಟ್ಟಿಂಗ್. ಬೆಳಿಗ್ಗೆ ಎಲ್ಲವೂ 9–10 ಉಪಗ್ರಹ ಹಿಡಿದು ಲಾಕ್ ಆಗಿರುತ್ತವೆ. 12 ಗಂಟೆ ದಾಟಿದರೆ ಉತ್ತರದ ಸೆಕ್ಟರ್ ಮಾತ್ರ 2–3ಕ್ಕೆ ಇಳಿದು, ಹೋಲ್ಡ್‌ಓವರ್ (ಜಿಪಿಎಸ್ ಇಲ್ಲದೆಯೂ ಸಮಯ ಹಿಡಿದಿಡುವ ಅವಧಿ) ಮುಗಿದ ಮೇಲೆ ತನ್ನದೇ ಗಡಿಯಾರದಲ್ಲಿ ಓಡುತ್ತದೆ. ಆಮೇಲೆ ಇದು ಕಳಿಸುವ ಹೊತ್ತಿಗೇ ದಕ್ಷಿಣದ್ದು ಕೇಳುತ್ತಿರುತ್ತದೆ. ಆ ಕಡೆಯ ಗ್ರಾಹಕರ ಅಪ್‌ಲಿಂಕ್ (ಅವರಿಂದ ಟವರಿಗೆ ಬರುವ ಡೇಟಾ) ನೆಲಕಚ್ಚುತ್ತದೆ, ಪಾಪ.

ಆನೆಗೊಂದಿ ಕಡೆಯ ಬಂಡೆಗುಡ್ಡ ಆಕಾಶ ಮರೆಮಾಡುತ್ತಿದೆ ಎನ್ನಬೇಡಿ. ಹಾಗಿದ್ದರೆ ತೊಂದರೆ ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಬರಬೇಕಿತ್ತು, ಉಪಗ್ರಹಗಳ ಸುತ್ತು ಹಾಗಿದೆ. ಇಲ್ಲಿ ಮೋಡ ಕವಿದ ದಿನ ತೊಂದರೆಯೇ ಇಲ್ಲ.

ಸೆಕ್ಟರ್‌ಗಳ ಜಿಪಿಎಸ್ ಆಂಟೆನಾ ಅದಲುಬದಲು ಮಾಡಿದೆವು, ದೋಷ ಉತ್ತರದಲ್ಲೇ ಉಳಿಯಿತು. ಆಂಟೆನಾ ಕೇಬಲ್ಲಿನ ಕನೆಕ್ಟರ್ ಬಿಚ್ಚಿದರೆ ನಡುಪಿನ್ನಿಗೆ ಹಸಿರು ಕಿಲುಬು. 10 ಸೆಂಟಿಮೀಟರ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ, ರಬ್ಬರ್ ಟೇಪ್ ಸುತ್ತಿದ್ದಾಯಿತು. ಆದರೂ ರೇಡಿಯೋ ಆ ಆಂಟೆನಾಕ್ಕೆ ಕೊಡುವ ವೋಲ್ಟೇಜನ್ನು ಆಂಟೆನಾ ಜೋಡಿಸಿಯೇ ಅಳೆದರೆ ಬೆಳಿಗ್ಗೆ 3.3 ವೋಲ್ಟ್, ಮಧ್ಯಾಹ್ನ 2.6. ಬಿಚ್ಚಿ ಅಳೆದರೆ ಯಾವಾಗಲೂ 3.3.

ಕೇಬಲ್ಲಿನೊಳಗೆ ನೀರು ಇನ್ನೂ ಮೇಲಕ್ಕೆ ಏರಿದೆಯೋ, ರೇಡಿಯೋದ ಒಳಗಿನ ಫ್ಯೂಸ್ ಕಾಯ್ದು ಪ್ರತಿರೋಧ ಏರುತ್ತಿದೆಯೋ? ರೇಡಿಯೋ ಇಳಿಸದೆ ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಗೊತ್ತಿದ್ದವರು ದಯವಿಟ್ಟು ತಿಳಿಸಿ.