ಕೈಯಿಂದ ತೆಗೆದರೆ ಹೋಗುತ್ತದೆ, ಸ್ಕ್ರಿಪ್ಟ್‌ನಲ್ಲಿ ಮಾತ್ರ ಎರರ್ 1605. ತಲೆ ಕೆಟ್ಟುಹೋಗಿದೆ

ನಿದ್ದೆಗೆಟ್ಟವ:
ಮೂರು ದಿನದಿಂದ ಇದೇ ಕೆಲಸ. ಹಳೇ ಪಿಡಿಎಫ್ ಟೂಲ್ ತೆಗೆದು ಹೊಸದು ಹಾಕಬೇಕು. ಸ್ಕ್ರಿಪ್ಟ್‌ನಲ್ಲಿ ಇರುವುದೇ ಒಂದು ಸಾಲು: ಎಂಎಸ್‌ಐಎಕ್ಸೆಕ್ (ವಿಂಡೋಸ್‌ನ ಇನ್‌ಸ್ಟಾಲ್ ಕಮಾಂಡ್), /ಎಕ್ಸ್ (ತೆಗೆಯಲು), ಪ್ರಾಡಕ್ಟ್ ಕೋಡ್ (ಟೂಲ್‌ನ ಗುರುತು), /ಕ್ಯೂಎನ್ (ಏನೂ ಕೇಳದೆ, ತೋರಿಸದೆ). ನನ್ನ ಮೆಷಿನ್‌ನಲ್ಲಿ ನಾನೇ ಓಡಿಸಿದರೆ ಸಲೀಸಾಗಿ ಹೋಗುತ್ತದೆ. ಎಲ್ಲ ಮೆಷಿನ್‌ಗಳಿಗೂ ಒಟ್ಟಿಗೆ ಡಿಪ್ಲಾಯ್ ಮಾಡಿದರೆ 60ರಲ್ಲಿ 57 ಕಡೆ ಎರರ್ 1605. ಅಂದರೆ ಇನ್‌ಸ್ಟಾಲ್ ಆಗಿಯೇ ಇಲ್ಲವಂತೆ! ಸ್ಟಾರ್ಟ್ ಮೆನುವಿನಲ್ಲಿ ಕಣ್ಣೆದುರಿಗೇ ಕೂತಿದೆ ಸ್ವಾಮಿ.

ಹಳೇಹುಲಿ:
ಪ್ರಾಡಕ್ಟ್ ಕೋಡ್ ತಪ್ಪು. ಮೇಜರ್ ಅಪ್‌ಗ್ರೇಡ್ ಆದರೆ ಕೋಡ್ ಬದಲಾಗುತ್ತದೆ.

ನಿದ್ದೆಗೆಟ್ಟವ:
ಎಲ್ಲ ಕಡೆ ಒಂದೇ ವರ್ಷನ್ ಸರ್.

ಹಳೇಹುಲಿ:
ಒಂದೇ ಅಂತ ನೀವು ಅಂದುಕೊಂಡಿದ್ದೀರಿ. ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಅನ್‌ಇನ್‌ಸ್ಟಾಲ್ ಕೀ ನೋಡಿ. 32 ಬಿಟ್ ಆಗಿದ್ದರೆ ವಾವ್6432ನೋಡ್ ಕೆಳಗೆ ಇರುತ್ತದೆ. ಕೋಡ್ ತಪ್ಪೇ, ಬರೆದುಕೊಡುತ್ತೇನೆ.

ಒಂದೇಸಾಲು:
ಇಷ್ಟೆಲ್ಲ ಯಾಕೆ? ವಿನ್32_ಪ್ರಾಡಕ್ಟ್‌ನಲ್ಲಿ (ಇನ್‌ಸ್ಟಾಲ್ ಆದ ಸಾಫ್ಟ್‌ವೇರ್‌ಗಳ ಪಟ್ಟಿ ಕೊಡುತ್ತದೆ) ಹೆಸರು ಹುಡುಕಿ, ಅಲ್ಲಿಂದಲೇ ಅನ್‌ಇನ್‌ಸ್ಟಾಲ್ ಕೊಟ್ಟುಬಿಡಿ.

ಲಾಗ್‌ಹುಳ:
ದಯವಿಟ್ಟು ಬೇಡ. ಅದು ಸುಮ್ನೆ ಪಟ್ಟಿ ಕೊಡುವುದಿಲ್ಲ. ಮೆಷಿನ್‌ನಲ್ಲಿರುವ ಒಂದೊಂದು ಎಂಎಸ್‌ಐಯನ್ನೂ (ವಿಂಡೋಸ್ ಇನ್‌ಸ್ಟಾಲರ್ ಪ್ಯಾಕೇಜ್) ಚೆಕ್ ಮಾಡುತ್ತದೆ, ಏನಾದರೂ ಕೆಟ್ಟಿದ್ದರೆ ರಿಪೇರಿಗೂ ಕೈ ಹಾಕುತ್ತದೆ. ಈವೆಂಟ್ ಲಾಗ್ ತೆರೆದು ನೋಡಿ, 1035 (ರೀಕಾನ್ಫಿಗರ್ ಮಾಡಿದ ದಾಖಲೆ) ಸಾಲುಗಟ್ಟಿ ನಿಂತಿರುತ್ತದೆ.

ಒಂದೇಸಾಲು:
ಆರು ವರ್ಷದಿಂದ ಬಳಸುತ್ತಿದ್ದೇನೆ. ಏನೂ ಆಗಿಲ್ಲ.

ಲಾಗ್‌ಹುಳ:
ನಿಮಗೆ ಆಗಿಲ್ಲ. ಯೂಸರ್‌ಗಳನ್ನು ಕೇಳಿದ್ದೀರಾ?

ಲ್ಯಾಬ್‌ರಾಜ:
ಇದಕ್ಕೇ ನಾನು ಮನೆಯಲ್ಲಿ ಲ್ಯಾಬ್ ಇಟ್ಟಿರುವುದು. 128 ಜಿಬಿ ರ‍್ಯಾಮ್, 14 ವಿಎಂ (ವರ್ಚುವಲ್ ಮೆಷಿನ್), ಪ್ರತಿಯೊಂದಕ್ಕೂ ಸ್ನ್ಯಾಪ್‌ಶಾಟ್. ಹತ್ತು ವರ್ಷದ ಇನ್‌ಸ್ಟಾಲರ್‌ಗಳೆಲ್ಲ ಡಿಸ್ಕ್‌ನಲ್ಲಿವೆ. ಫೋಟೋ ಹಾಕಲಾ?

ಲಾಗ್‌ಹುಳ:
ಬೇಡ.
@ನಿದ್ದೆಗೆಟ್ಟವ, ಸ್ಕ್ರಿಪ್ಟ್ ಯಾವ ಅಕೌಂಟ್‌ನಲ್ಲಿ ಓಡುತ್ತದೆ? ಆ ಟೂಲ್ ಹಾಕಿದ್ದು ಯಾರು?

ನಿದ್ದೆಗೆಟ್ಟವ:
ಸಿಸ್ಟಮ್ ಅಕೌಂಟ್‌ನಲ್ಲಿ (ವಿಂಡೋಸ್‌ನದೇ ಅಕೌಂಟ್), ಮತ್ತೆ ಹೇಗೆ? ಟೂಲ್ ಯೂಸರ್‌ಗಳೇ ಹಾಕಿಕೊಂಡಿದ್ದು. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದಿಲ್ಲ.

ಲಾಗ್‌ಹುಳ:
ಇದನ್ನು ಮೊದಲ ಪೋಸ್ಟ್‌ನಲ್ಲೇ ಹೇಳುವುದಲ್ವಾ ಮಾರಾಯ್ರೇ! ಅದು ಆಯಾ ಯೂಸರ್‌ಗೆ ಮಾತ್ರ ಇನ್‌ಸ್ಟಾಲ್ ಆಗಿದೆ. ಸಿಸ್ಟಮ್ ಅಕೌಂಟ್‌ಗೆ ಅದು ಕಾಣುವುದೇ ಇಲ್ಲ, ಅದಕ್ಕೇ 1605. ನಿಮ್ಮ ಮೆಷಿನ್‌ನಲ್ಲಿ ಹಾಕಿದ್ದೂ ನೀವೇ, ತೆಗೆದದ್ದೂ ನೀವೇ, ಹಾಗಾಗಿ ಹೋಯಿತು. ರಿಜಿಸ್ಟ್ರಿಯ ಲೋಕಲ್ ಮೆಷಿನ್ ಭಾಗದಲ್ಲಿ (ಹೈವ್) ಇನ್‌ಸ್ಟಾಲರ್, ಅದರೊಳಗೆ ಯೂಸರ್‌ಡೇಟಾ ನೋಡಿ. ಎಲ್ಲರಿಗೂ ಹಾಕಿದ್ದರೆ ಎಸ್-1-5-18 (ಸಿಸ್ಟಮ್ ಅಕೌಂಟ್‌ನ ಗುರುತು) ಕೆಳಗೆ ಇರುತ್ತದೆ. ಪ್ರಾಡಕ್ಟ್ ಕೋಡ್‌ನ ಅಕ್ಷರಗಳು ಅಲ್ಲಿ ತಿರುವುಮುರುವಾಗಿರುತ್ತವೆ, ಅದನ್ನು ಹುಡುಕುತ್ತಾ ಕೂರಬೇಡಿ. ಡಿಸ್‌ಪ್ಲೇನೇಮ್ ನೋಡಿ ಸಾಕು.

ನಿದ್ದೆಗೆಟ್ಟವ:
ಫೇಲ್ ಆದ ಐದು ಮೆಷಿನ್ ನೋಡಿದೆ. ಐದರಲ್ಲೂ ಎಸ್-1-5-21 ಅಂತ ಶುರುವಾಗುವ ಉದ್ದ ಬಾಲದ ಕೆಳಗೆ ಇದೆ, ಅಂದರೆ ಯೂಸರ್ ಅಕೌಂಟ್. ಸರಿಯಾಗಿ ಹೋದ ಮೂರರಲ್ಲಿ ಒಂದರ ಹಳೇ ಬ್ಯಾಕಪ್ ಸಿಕ್ಕಿತು, ಅದರಲ್ಲಿ ಎಸ್-1-5-18.

ಹಳೇಹುಲಿ:
ಆದರೂ ಕೋಡ್ ಒಮ್ಮೆ ನೋಡಿಬಿಡಿ.

ಲಾಗ್‌ಹುಳ:
ಡಿಪ್ಲಾಯ್ಮೆಂಟ್ ಟೂಲ್‌ನಲ್ಲಿ ಯೂಸರ್ ಕಾಂಟೆಕ್ಸ್ಟ್ (ಯೂಸರ್ ಅಕೌಂಟ್‌ನಲ್ಲೇ ಓಡಿಸುವ) ಆಯ್ಕೆ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಲಾಗಿನ್ ಆದ ಯೂಸರ್ ಹೆಸರಲ್ಲಿ ಶೆಡ್ಯೂಲ್ಡ್ ಟಾಸ್ಕ್. ಜೊತೆಗೆ /ಎಲ್*ವಿ ಕೊಟ್ಟು ಲಾಗ್ ಇಟ್ಟುಕೊಳ್ಳಿ. ಲಾಗ್ ಇಲ್ಲದೆ ಎಂಎಸ್‌ಐ ಓಡಿಸುವುದು ನನಗಂತೂ ಸೇರುವುದಿಲ್ಲ.

ನಿದ್ದೆಗೆಟ್ಟವ:
ಎರಡು ದಿನ ಬಿಟ್ಟು ಬಂದೆ. 53 ಹೋದವು! ಉಳಿದ 4ರಲ್ಲಿ ಈಗ ಎರರ್ 1612, ಇನ್‌ಸ್ಟಾಲ್ ಮಾಡಿದ ಮೂಲ ಫೈಲ್ ಸಿಗುತ್ತಿಲ್ಲವಂತೆ.

ಲಾಗ್‌ಹುಳ:
ವಿಂಡೋಸ್ ಫೋಲ್ಡರ್ ಒಳಗಿನ ಇನ್‌ಸ್ಟಾಲರ್ ಫೋಲ್ಡರನ್ನು ಯಾರೋ ಕ್ಲೀನ್ ಮಾಡಿದ್ದಾರೆ. ಎಂಎಸ್‌ಐನ ಕಾಪಿ ಅಲ್ಲಿರುತ್ತದೆ. ತೆಗೆಯುವಾಗಲೂ ಅದು ಬೇಕು.

ಒಂದೇಸಾಲು:
ಜಾಗ ಜಾಸ್ತಿ ತಿನ್ನುತ್ತೆ ಅಂತ ನಾನೂ ಅದನ್ನು ಅಳಿಸುತ್ತಿರುತ್ತೇನೆ.

ಲಾಗ್‌ಹುಳ:
ಆರು ವರ್ಷದಿಂದಲಾ?
@ನಿದ್ದೆಗೆಟ್ಟವ, ಮೊದಲು ಹಾಕಿದ ಅದೇ ಎಂಎಸ್‌ಐ ಬೇಕು, ಫೈಲ್ ಹೆಸರೂ ಅದೇ ಇರಲಿ. ಅದೇ ಯೂಸರ್ ಲಾಗಿನ್‌ನಲ್ಲಿ /ಎಫ್‌ವಿ ಕೊಟ್ಟು ಓಡಿಸಿದರೆ ಕಾಪಿ ವಾಪಸ್ ಬರುತ್ತದೆ. ಆಮೇಲೆ /ಎಕ್ಸ್.

ನಿದ್ದೆಗೆಟ್ಟವ:
ಆ ಫೈಲ್ ಯಾರ ಹತ್ತಿರವೂ ಇಲ್ಲ. ಡೌನ್‌ಲೋಡ್ ಪೇಜ್‌ನಲ್ಲಿ ಬರೀ ಹೊಸದು ಸಿಗುತ್ತದೆ.

ಲ್ಯಾಬ್‌ರಾಜ:
ನನ್ನ ಡಿಸ್ಕ್‌ನಲ್ಲಿ ಇರಬಹುದು. ಯಾವ ಟೂಲ್, ಯಾವ ವರ್ಷನ್ ಅಂತ ನೀವು ಇನ್ನೂ ಹೇಳೇ ಇಲ್ಲವಲ್ಲ?